ನಡುಗಿದ ಚಂದ್ರ

"ಒಂದೇ ಸಂಜೆ, ಒಂದೇ ಚಂದ್ರ. ಮುಖ ಮಾತ್ರ ಎರಡು. ಹೇಗೆ ಅಂತ ನೀವೇ ಹೇಳಿ ಎಸ್ಕಿಲ್."

ಮಾರೆನ್ ಬೊಯ್ಸೆನ್ ಎರಡು ಫೋಟೋಗಳನ್ನು ಅಡುಗೆಮನೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಎದುರಿಗೆ ಕೂತಿದ್ದ ಎಸ್ಕಿಲ್ ಅವುಗಳ ಕಡೆ ಬಗ್ಗಲೂ ಇಲ್ಲ. ಎಪ್ಪತ್ತನಾಲ್ಕರ ಮುದುಕ, ಹಡಗಿನ ಗಡಿಯಾರಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಆಯುಷ್ಯ ಕಳೆದವನು. ಅವನ ಗೋಡೆಗಳ ಮೇಲೆ ಹನ್ನೊಂದು ಗಡಿಯಾರಗಳಿದ್ದವು, ಹನ್ನೊಂದೂ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದವು.

ಹನ್ನೊಂದೂವರೆಯ ಹಡಗಿಗೆ ಆಚೆ ದಡದಿಂದ ಇಬ್ಬರು ಅಧಿಕಾರಿಗಳು ಬರುವವರಿದ್ದರು. ಮೊಗೆನ್ಸ್ ಕ್ರೂಸೆಯನ್ನು ಅವನ ತೋಟದಲ್ಲಿ ದೂರದರ್ಶಕಕ್ಕೆಂದು ಕಟ್ಟಿದ್ದ ಮರದ ಅಟ್ಟದಿಂದ ತಳ್ಳಿ ಕೊಂದವನು ಅವನ ನಲವತ್ತು ವರ್ಷದ ಗೆಳೆಯ ಎಸ್ಕಿಲನೇ ಎಂದು ಅವರು ತೀರ್ಮಾನಿಸಿಯಾಗಿತ್ತು. ಅವರು ಬರುತ್ತಿದ್ದುದು ವಿಚಾರಣೆಗಲ್ಲ, ಕರೆದೊಯ್ಯುವುದಕ್ಕೆ. ಅಷ್ಟರೊಳಗೆ ಅವನಲ್ಲ ಎಂದು ತೋರಿಸಬೇಕು, ಇಲ್ಲವೇ ಅವನೇ ಎಂದು ಒಪ್ಪಿಕೊಂಡು ದೂರ ನಿಲ್ಲಬೇಕು. ಮಾರೆನಳ ಬಳಿ ಒಂದು ಗಂಟೆ ಇಪ್ಪತ್ತು ನಿಮಿಷ ಉಳಿದಿತ್ತು.

ಏರೋ ದ್ವೀಪಕ್ಕೆ ಇದ್ದ ಒಬ್ಬಳೇ ಪೊಲೀಸಿನವಳು ಅವಳು. ಇಂಥ ಚಿಕ್ಕ ಊರಿನಲ್ಲಿ ಪೊಲೀಸಿನವರಿಗೆ ಅಪರಿಚಿತ ಕಳ್ಳ ಸಿಗುವ ಭಾಗ್ಯವಿಲ್ಲ. ಯಾರನ್ನು ಹಿಡಿದರೂ ಅವರ ಮನೆಯಲ್ಲಿ ಒಂದು ಸಲ ಊಟ ಮಾಡಿರುತ್ತೀರಿ. ಅವಳು ಕಟ್ಟಿದ್ದ ಕೈಗಡಿಯಾರವೂ ಹತ್ತನೇ ಹುಟ್ಟುಹಬ್ಬಕ್ಕೆ ಈ ಮುದುಕನೇ ಕೊಟ್ಟದ್ದಾಗಿತ್ತು.

"ಆ ಸಂಜೆ ಏಳರಿಂದ ಎಂಟರವರೆಗೆ ನಿಮ್ಮ ಹಿತ್ತಲಲ್ಲೇ ಚಂದ್ರನ ಫೋಟೋ ತೆಗೀತಿದ್ದೆ ಅಂದ್ರಿ. ಸಾಕ್ಷಿಗೆ ಇದನ್ನ ಕೊಟ್ರಿ. ಇದು ನಿಮ್ದು, ಇದು ಅದೇ ಸಂಜೆ ಏಳು ಗಂಟೆಗೆ ಮೊಗೆನ್ಸ್ ತೆಗೆದದ್ದು."

"ಎರಡೂ ಅರ್ಧಚಂದ್ರ ತಾನೇ?"

"ಅರ್ಧಚಂದ್ರವೇ. ಆದ್ರೆ ಸಂಕಟದ ಕಡಲು ನೋಡಿ."

ಚಂದ್ರನ ಬಲ ಅಂಚಿನ ಹತ್ತಿರ ಗುಂಡಗೆ ಕಪ್ಪಾಗಿ ಕಾಣುವ ಬಯಲಿಗೆ ಹಳಬರು ಇಟ್ಟ ಹೆಸರದು. ಚಂದ್ರ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಪೂರ್ತಿ ನಿಜವಲ್ಲ. ಅವನು ಕತ್ತನ್ನು ತುಸುವೇ ಅತ್ತ ಇತ್ತ ತಿರುಗಿಸುತ್ತಾನೆ, ಸಾಲ ಕೇಳಿದಾಗ ಇಲ್ಲ ಎನ್ನುವ ಸಂಕೋಚದ ಮನುಷ್ಯನ ಹಾಗೆ. ಹಾಗಾಗಿ ಆ ಕಡಲು ಒಂದು ತಿಂಗಳು ಅಂಚಿಗೆ ಒತ್ತಿಕೊಂಡಿರುತ್ತದೆ, ಇನ್ನೊಂದು ತಿಂಗಳು ಒಳಗೆ ಸರಿದಿರುತ್ತದೆ. ಒಂದು ಸಂಜೆ ದ್ವೀಪದ ಎರಡು ಹಿತ್ತಲುಗಳಿಂದ ನೋಡಿದವರಿಗೆ ಅದು ಎರಡು ಕಡೆ ಕಾಣುವುದು ಸಾಧ್ಯವೇ ಇಲ್ಲ.

"ಮೊಗೆನ್ಸ್ ಫೋಟೋದಲ್ಲಿ ಅಂಚಿಗೂ ಕಡಲಿಗೂ ನಾಲ್ಕು ಮಿಲಿಮೀಟರು. ನಿಮ್ಮದರಲ್ಲಿ ಒಂಬತ್ತು. ಕೋಪನ್‌ಹೇಗನ್ನಿನಲ್ಲಿ ಒಬ್ಬ ಖಗೋಳ ಪಂಡಿತರನ್ನೂ ಕೇಳ್ದೆ. ನಿಮ್ಮ ಫೋಟೋ ಆ ಸಂಜೇದಲ್ಲ ಅಂದ್ರು."

"ಸ್ಕೇಲು ಹಿಡಿದು ಚಂದ್ರನ್ನ ಅಳೆದ್ಯಾ?" ಎಸ್ಕಿಲನ ಮೀಸೆ ಅಲುಗಿತು. "ಮೊಗೆನ್ಸ್ ಇದ್ದಿದ್ರೆ ನಿಂಗೆ ನಮ್ಮ ಆಕಾಶ ನೋಡೋ ಕ್ಲಬ್ಬಿನ ಸದಸ್ಯತ್ವ ಪುಕ್ಕಟೆ ಕೊಡ್ತಿದ್ದ."

"ಮೊಗೆನ್ಸ್ ಇಲ್ಲ. ಅದಕ್ಕೇ ನಾನು ಬಂದಿರೋದು."

ನಗು ಅಲ್ಲೇ ಆರಿತು. ಮಾರೆನಳಿಗೆ ಹಾಗೆ ಹೇಳಿದ್ದಕ್ಕೆ ಬೇಸರವಾಯಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಎರಡು ದಿನ ಮುಂಚೆ ಬೇಕರಿ ಮುಂದೆ ಇಬ್ರೂ ಕೂಗಾಡಿದ್ರಿ. 'ಇನ್ನು ಸಾಕು, ನನ್ನ ಹೆಸರು ಹಾಳು ಮಾಡಬೇಡ' ಅಂತ ನೀವು ಕಿರುಚಿದ್ದನ್ನ ಅರ್ಧ ಊರು ಕೇಳಿದೆ. ಮೊಗೆನ್ಸನ ಫೋಟೋಗಳನ್ನ ನೀವು ಕದ್ದು ನಿಮ್ಮ ಹೆಸರಲ್ಲಿ ಬಹುಮಾನ ಹೊಡೆದ್ರಿ, ಅವನು ಬಯಲು ಮಾಡ್ತೀನಿ ಅಂದ, ನೀವು ತಳ್ಳಿದ್ರಿ. ಆಚೆ ದಡದವರ ಕತೆ ಇಷ್ಟೇ. ಇಷ್ಟು ಸಾಕು ಅವರಿಗೆ."

"ಊರ ಬಾಯಿ. ಅದಕ್ಕೇನು ಬೀಗ ಇದೆಯಾ." ಅವನು ಎದ್ದ. "ಕಾಫಿ ಕುಡಿತೀಯಾ ಮಗು? ಕೈಕೋಳ ಹಾಕಿದ ಮೇಲೆ ಬಗ್ಗಿಸಿ ಕೊಡೋದು ಕಷ್ಟ ಆಗುತ್ತೆ."

ಅವನು ಕಪಾಟಿನಿಂದ ಎರಡು ಲೋಟ ತೆಗೆದ. ಕೆಟಲ್ ಎತ್ತಿದ. ಎಡಗೈಯ ತೋರುಬೆರಳನ್ನು ಲೋಟದ ಅಂಚಿನಿಂದ ಒಳಕ್ಕೆ ಬಾಗಿಸಿ, ಬಿಸಿ ಕಾಫಿ ಬೆರಳಿಗೆ ತಾಗುವವರೆಗೆ ಸುರಿದು, ನಿಲ್ಲಿಸಿದ. ಎರಡನೇ ಲೋಟಕ್ಕೂ ಹಾಗೇ ಮಾಡಿದ.

ಮಾರೆನ್ ಅದನ್ನು ನೋಡಿದಳು.

ಕಳೆದ ಬೇಸಿಗೆಯಿಂದ ಎಸ್ಕಿಲ್ ಸೈಕಲ್ ಹತ್ತಿದ್ದನ್ನು ಅವಳು ಕಂಡಿರಲಿಲ್ಲ. ರಸ್ತೆಯ ಅಂಚಿನಲ್ಲಿ ಅದನ್ನು ತಳ್ಳಿಕೊಂಡೇ ಹೋಗುತ್ತಿದ್ದ. ವಯಸ್ಸಾಯಿತು ಪಾಪ ಎಂದುಕೊಂಡಿದ್ದಳು. ಅವನು ಸಾಕ್ಷಿಗೆ ಕೊಟ್ಟ ಫೋಟೋದ ಲಕೋಟೆಯ ಒಂದು ಮೂಲೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿತ್ತು. ಇಲಿ ಕಡಿದದ್ದಲ್ಲವಲ್ಲ ಎಂದು ಅವಳು ಎರಡು ದಿನದಿಂದ ತಲೆ ಕೆರೆದುಕೊಂಡಿದ್ದಳು.

ಅವಳು ಮೆಲ್ಲಗೆ ಎಸ್ಕಿಲನ ಫೋಟೋವನ್ನು ತಲೆಕೆಳಗಾಗಿ ತಿರುಗಿಸಿದಳು. ಈಗ ಚಂದ್ರನ ಬೆಳ್ಳನೆಯ ಅರ್ಧ ಎಡಕ್ಕೆ ಬಂದಿತ್ತು. ಬಲಗಡೆ ಬರೀ ಕತ್ತಲೆ.

"ಕೊನೇ ಪ್ರಶ್ನೆ. ನಿಮ್ಮ ಫೋಟೋದಲ್ಲಿ ಸಂಕಟದ ಕಡಲು ಎಲ್ಲಿದೆ, ಬೆರಳಿಟ್ಟು ತೋರಿಸಿಬಿಡಿ."

"ಚಿಕ್ಕ ಮಕ್ಕಳ ಪರೀಕ್ಷೆ ಮಾಡ್ತೀಯಲ್ಲೇ." ಎಸ್ಕಿಲ್ ಫೋಟೋದ ಕಡೆ ನೇರವಾಗಿ ದಿಟ್ಟಿಸಿ, ನಲವತ್ತು ವರ್ಷದ ಧೈರ್ಯದಿಂದ ಬೆರಳನ್ನು ಬಲ ಮೇಲ್ತುದಿಗೆ ಇಟ್ಟ. "ಇಲ್ಲಿ."

ಬೆರಳು ಇದ್ದದ್ದು ಖಾಲಿ ಕತ್ತಲೆಯ ಮೇಲೆ.

ಅಪರಾಧಿಯ ಸುಳ್ಳು ಹಿಡಿದಾಗ ಆಗುವ ಗೆಲುವು ಬರಲೇ ಇಲ್ಲ. ಯಾರದೋ ಮಲಗುವ ಕೋಣೆಗೆ ಕದ ತಟ್ಟದೆ ನುಗ್ಗಿದಂತಾಯಿತು ಅವಳಿಗೆ.

"ಎಷ್ಟು ದಿನ ಆಯ್ತು ಎಸ್ಕಿಲ್?"

"ಏನು?"

"ಕಣ್ಣು ಹೋಗಿ."

ಮುದುಕ ಬೆರಳನ್ನು ಫೋಟೋದಿಂದ ಎಳೆದುಕೊಂಡ.

"ಎರಡು ವರ್ಷ," ಎಂದ. "ಸುತ್ತಂಚು ಕಾಣುತ್ತೆ. ನಡುವೆ ಕಾಣಲ್ಲ. ನಿನ್ನ ಕಿವಿ ಕಾಣ್ತಿದೆ, ಮುಖ ಇಲ್ಲ. ಆಕಾಶ ನೋಡಿದ್ರೆ ನಕ್ಷತ್ರ ಇವೆ, ಚಂದ್ರ ಇರೋ ಜಾಗದಲ್ಲಿ ತೂತು. ಇಡೀ ಜನ್ಮ ನೋಡಿದ್ದು ಅವನೊಬ್ಬನ್ನ. ದೇವರಿಗೆ ಕಿತ್ಕೊಳ್ಳೋಕೆ ಬೇರೆ ಏನೂ ಸಿಗಲಿಲ್ಲ ನೋಡು."

"ಮೊಗೆನ್ಸನಿಗೆ ಗೊತ್ತಿತ್ತು."

"ಅವನೊಬ್ಬನಿಗೇ ಗೊತ್ತಿದ್ದದ್ದು. ಅವನು ತೆಗೆದ ಫೋಟೋಗಳಲ್ಲಿ ಚೆನ್ನಾಗಿರೋದನ್ನ ಆರಿಸಿ ನನ್ನ ಹೆಸರಲ್ಲಿ ಕ್ಲಬ್ಬಿಗೆ ಕಳಿಸ್ತಿದ್ದ. ಒಂದು ಪ್ರತಿ ನನಗೆ ತಂದುಕೊಡ್ತಿದ್ದ. ಲಕೋಟೆಗೆ ಒಂದು ಮೂಲೆ ಕತ್ತರಿಸಿದ್ರೆ ಅರ್ಧಚಂದ್ರ, ಎರಡು ಮೂಲೆ ಹುಣ್ಣಿಮೆ. ಯಾರಾದ್ರೂ ಕೇಳಿದ್ರೆ ತಡವರಿಸದೆ ತೆಗೆದು ಕೊಡಲಿ ಅಂತ." ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹೋದ ಶರತ್ಕಾಲದಲ್ಲಿ ನನಗೆ ಬಹುಮಾನ ಬಂತಲ್ಲ, ಅವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಮೂರ್ಖ."

"ಬೇಕರಿ ಮುಂದಿನ ಜಗಳ?"

"ಅದೇ. ಇನ್ನು ಸಾಕು ಕಣೋ ಅಂದೆ. ಸತ್ತ ಮೇಲೆ ಗೊತ್ತಾದ್ರೆ ಕಳ್ಳ ಅಂತಾರೆ, ನನ್ನ ಹೆಸರು ಹಾಳು ಮಾಡಬೇಡ ಅಂದೆ. ಇನ್ನೊಂದು ವಸಂತ ಮುಗೀಲಿ ಅಂದ ಅವನು. ಮಾರ್ಚ್ ತಿಂಗಳ ಅರ್ಧಚಂದ್ರ ಎಲ್ಲಕ್ಕಿಂತ ಎತ್ತರದಲ್ಲಿರುತ್ತೆ, ಬಿಡೋಕೆ ಮನಸ್ಸಾಗಲ್ಲ ಅಂದ."

ಕೊಲೆಗಾರ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಕುರುಡ ಅನ್ನಿಸಿಕೊಳ್ಳಲಾರೆ ಎಂದು ಒಂಬತ್ತು ದಿನ ಬಾಯಿ ಬಿಗಿಹಿಡಿದು ಕೂತ ಮನುಷ್ಯನಿಗೆ ಬೈಯಬೇಕೋ ಅಳಬೇಕೋ ಮಾರೆನಳಿಗೆ ತಿಳಿಯಲಿಲ್ಲ. ಮೊಂಡ ಮುದುಕ.

"ಆ ಸಂಜೆ ಎಲ್ಲಿದ್ರಿ?"

"ಇಲ್ಲೇ. ಈ ಕುರ್ಚೀಲಿ. ಮೊಗೆನ್ಸನ ಮನೆ ಮೂರು ಕಿಲೋಮೀಟರು. ಕತ್ತಲಾದ ಮೇಲೆ ನನ್ನ ಗೇಟನ್ನೇ ನಾನು ದಾಟಲ್ಲ ಮಗು. ಹೋದ ನವೆಂಬರಲ್ಲಿ ಹಾಲು ತರೋಕೆ ಹೋಗಿ ಚರಂಡೀಲಿ ಬಿದ್ದಿದ್ದೆ. ಕಣ್ಣಿನ ಡಾಕ್ಟರ ಕಾಗದ ಆ ಡ್ರಾಯರಲ್ಲಿದೆ, ತಗೋ."

ಅವಳು ಕಾಗದ ತೆಗೆದು ಓದಿದಳು. ಅಲ್ಲಿ ಎಲ್ಲ ಇತ್ತು. ಹಡಗು ಬರಲಿ, ಇದನ್ನು ಅವರ ಮುಖಕ್ಕೆ ಹಿಡಿದರೆ ಸಾಕು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಆದರೆ ಒಂದು ಕಲ್ಲು ಇಳಿಸಿದರೆ ಅದನ್ನು ಇನ್ನೊಬ್ಬರ ಎದೆಯ ಮೇಲೆ ಇಡಬೇಕಾಗುತ್ತದೆ ಎಂಬುದು ಅವಳ ಕೆಲಸದ ಶಾಪ. ಮೊಗೆನ್ಸ್ ತಾನಾಗಿ ಬಿದ್ದದ್ದಲ್ಲ. ಆ ಸಂಜೆ ತೆಗೆಯಬೇಕಾದ ಆರು ಚಿತ್ರಗಳ ಪಟ್ಟಿ ಅವನ ಪುಸ್ತಕದಲ್ಲಿತ್ತು, ಮೂರನೆಯದಕ್ಕೇ ನಿಂತಿತ್ತು. ಆಕಾಶ ತಿಳಿಯಾಗಿತ್ತು, ಗಾಳಿ ಕದಲದೆ ನಿಂತಿತ್ತು. ಅಂಥ ಸಂಜೆಯಲ್ಲಿ ಅವನು ಅರ್ಧಕ್ಕೆ ಎದ್ದು ಹೋಗುವವನಲ್ಲ. ಆದರೂ ಬೆಳಿಗ್ಗೆ ಅವನ ದೇಹ ಕಲ್ಲುಹಾಸಿನ ಮೇಲೆ ಸಿಕ್ಕಾಗ ಮೇಲೆ ಅಟ್ಟದಲ್ಲಿ ದೂರದರ್ಶಕಕ್ಕೆ ಹೊದಿಕೆ ಹೊದಿಸಿ, ಇಬ್ಬನಿ ತಾಗದಂತೆ ದಾರ ಸುತ್ತಿ ಗಂಟು ಹಾಕಿತ್ತು. ಅವನು ಬಿದ್ದ ಮೇಲೆ ಯಾರೋ ಅದನ್ನು ಮಗುವಿಗೆ ಹೊದಿಸಿದ ಹಾಗೆ ಹೊದಿಸಿ ಹೋಗಿದ್ದರು.

ಮೊಗೆನ್ಸನ ಹೆಂಡತಿ ತೋರಾ ಕೊಟ್ಟ ಹೇಳಿಕೆಯನ್ನು ಮಾರೆನಳೇ ಬರೆದುಕೊಂಡಿದ್ದಳು: ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತಿದ್ದೆ, ಮಾತ್ರೆ ತೆಗೆದುಕೊಂಡು ಬೇಗ ಮಲಗಿದೆ, ಸೊಂಟ ಮುರಿದ ಮೇಲೆ ಎರಡು ವರ್ಷದಿಂದ ನಾನು ಆ ಮೆಟ್ಟಿಲು ಮುಟ್ಟಿಲ್ಲ. ಪಾಪ, ಒಂಬತ್ತು ದಿನದಿಂದ ಆಕೆ ಕುರ್ಚಿ ಬಿಟ್ಟು ಎದ್ದದ್ದನ್ನೂ ಮಾರೆನ್ ಕಂಡಿರಲಿಲ್ಲ.

"ಎಸ್ಕಿಲ್, ನಿಮಗೆ ಒಂದು ವಿಷಯ ಹೇಳ್ತೀನಿ. ಇದು ಆಚೆ ದಡದವರಿಗೂ ಗೊತ್ತಿಲ್ಲ. ಚಂದ್ರನ ಫೋಟೋ ಹೇಗೆ ಮಾಡ್ತೀರಿ ನೀವು?"

"ಫೋಟೋ ಎಲ್ಲಿ ಬಂತು, ವಿಡಿಯೋ. ಎರಡು ನಿಮಿಷ ಹಿಡಿದ್ರೆ ಆರು ಸಾವಿರ ಚಿತ್ರ. ಗಾಳಿ ಕುಣಿಯುತ್ತಲ್ಲ, ಮುಕ್ಕಾಲು ಪಾಲು ಕಲಸಿ ಹೋಗಿರುತ್ತೆ. ಗಾಳಿ ಉಸಿರು ಹಿಡಿದಾಗ ಸಿಕ್ಕಿದ ಮುನ್ನೂರು ಆರಿಸಿ, ಒಂದರ ಮೇಲೊಂದು ಪೇರಿಸಿದ್ರೆ ಕುಳಿ ಒಳಗಿನ ಕುಳೀನೂ ಎಣಿಸಬಹುದು."

"ಉಳಿದದ್ದು?"

"ಕಸ. ಎಸೀತೀವಿ."

"ಆಚೆ ದಡದವರೂ ಎಸೆದ್ರು. ಚೆನ್ನಾಗಿರೋ ಮುನ್ನೂರು ಪೇರಿಸಿ, ಇದರಲ್ಲೇನೂ ಇಲ್ಲ ಅಂತ ಬರೆದ್ರು. ನಾನು ಕಸ ನೋಡ್ದೆ. ಆರು ಸಾವಿರವನ್ನೂ ನೋಡ್ದೆ."

ಎಸ್ಕಿಲ್ ಲೋಟ ಕೆಳಗಿಟ್ಟ.

"ಮೂರನೇ ವಿಡಿಯೋ, ಟಾಲೆಮಿ ಕುಳಿ. ಏಳು ನಲವತ್ತೊಂದಕ್ಕೆ ಶುರು. ಇಪ್ಪತ್ತನೇ ಸೆಕೆಂಡಿಗೆ ಚಂದ್ರ ನಡುಗುತ್ತೆ. ಗಾಳಿ ನಡುಕ ಅಲ್ಲ. ಇಡೀ ಚಂದ್ರ ಒಟ್ಟಿಗೆ ಮೇಲೆ ಕೆಳಗೆ ಎಗರುತ್ತೆ. ಯಾರೋ ಮೆಟ್ಟಿಲು ಹತ್ತಿ ಬಂದಿದಾರೆ. ಒಂಬತ್ತು ಮೆಟ್ಟಿಲು. ಆಮೇಲೆ ವಿಡಿಯೋ ಮುಗಿಯೋವರೆಗೆ, ಒಂದು ನಿಮಿಷದ ಮೇಲೆ, ಚಂದ್ರ ಕಲ್ಲಿನ ಹಾಗೆ ನಿಂತಿದೆ."

"ಬಂದವರು ಅಲ್ಲಾಡಲಿಲ್ಲ," ಎಂದ ಎಸ್ಕಿಲ್ ನಿಧಾನವಾಗಿ.

"ಅಲ್ಲಾಡಲಿಲ್ಲ. ಕಾದಿದಾರೆ."

ಮೊಗೆನ್ಸನ ಅಟ್ಟಕ್ಕೆ ಇದ್ದದ್ದು ಒಂದೇ ಕಾನೂನು. ಚಿತ್ರ ಹಿಡಿಯುವಾಗ ಯಾರೂ ಕದಲಬಾರದು. ಮರದ ಹಲಗೆ, ಒಂದು ಹೆಜ್ಜೆ ಇಟ್ಟರೆ ಚಂದ್ರ ಕುಣಿಯುತ್ತಾನೆ. ಮುಗಿದ ಮೇಲೆ ಮೊಗೆನ್ಸ್ ಹಿಂದಿರುಗಿ ನೋಡದೆ ಎಡಗೈ ಎತ್ತುತ್ತಿದ್ದ. ಆಮೇಲೆ ಕೆಮ್ಮಿ, ಸೀನಿ, ಕುಣಿಯಿರಿ, ಅಡ್ಡಿಯಿಲ್ಲ. ಮಾರೆನ್ ಎಂಟು ವರ್ಷದವಳಿದ್ದಾಗ ಅಲ್ಲಿ ಒಂಟಿ ಕಾಲಲ್ಲಿ ನಿಂತು, ಉಚ್ಚೆ ಬಂದರೂ ತಡೆದುಕೊಂಡು, ಆ ಕೈಯನ್ನೇ ನೋಡುತ್ತಿದ್ದಳು.

"ಕೊಲ್ಲೋಕೆ ಬಂದವರು ಕೈ ಎತ್ತೋವರೆಗೆ ಕಾಯ್ತಾರಾ?" ಎಂದಳು. "ಬಂದದ್ದು ಹೊರಗಿನವರಲ್ಲ. ಬರುವಾಗ ಕೊಲ್ಲೋ ಯೋಚನೆಯೂ ಇರಲಿಲ್ಲ. ಕೈ ಎತ್ತಿದ ಮೇಲೆ ಏನೋ ಮಾತಾಗಿದೆ. ನಾನು ನೀವೇ ಅಂದ್ಕೊಂಡು ಬಂದೆ. ಯಾಕೆ ಅಂದ್ರೆ ಆ ಹೆಜ್ಜೆ ಸರಿಯಾದ ಹೆಜ್ಜೆ ಅಲ್ಲ. ಕೋಲು ಊರಿಕೊಂಡು ಹತ್ತೋರ ಹಾಗಿದೆ. ಸೈಕಲ್ ಇಲ್ಲದಿದ್ರೆ ನಿಮಗೂ ಕೋಲು ಬೇಕಾಗುತ್ತೇನೋ ಅಂತ."

"ನಂಗೆ ತೋರಿಸೋಕಾಗಲ್ಲ ಅದನ್ನ," ಎಂದ ಎಸ್ಕಿಲ್. "ಕೇಳಿಸು. ಎರಡು ವರ್ಷದಿಂದ ಈ ಊರಿನ ಎಲ್ಲರನ್ನೂ ನಾನು ಕಾಲಿನ ಸದ್ದಲ್ಲೇ ಗುರುತು ಹಿಡಿಯೋದು. ಹಲೋ ಅನ್ನೋಕೆ ಮುಂಚೆ ಹೆಸರು ಹೇಳ್ಬೇಕಲ್ಲ. ಬಡಿ ಮೇಜಿನ ಮೇಲೆ."

ಆ ನಡುಕ ಅವಳಿಗೆ ಬಾಯಿಪಾಠವಾಗಿತ್ತು. ಅವಳು ಬೆರಳಿನ ಗೆಣ್ಣಿನಿಂದ ಮೇಜನ್ನು ಬಡಿದಳು. ಒಂದು ಜೋರಾಗಿ, ಹಿಂದೆಯೇ ಒಂದು ಮೆಲ್ಲಗೆ. ತುಸು ಬಿಡುವು. ಮತ್ತೆ ಜೋರಾಗಿ, ಮೆಲ್ಲಗೆ.

ಧಪ್. ತಟ್.

ಧಪ್. ತಟ್.

ನಾಲ್ಕನೇ ಮೆಟ್ಟಿಲು ಮುಗಿಯುವುದರೊಳಗೆ ಎಸ್ಕಿಲನ ಕೈ ಚಾಚಿ ಬಂದು ಅವಳ ಮುಷ್ಟಿಯನ್ನು ಅದುಮಿ ಹಿಡಿಯಿತು. ಅಷ್ಟು ಶಕ್ತಿ ಅವನಲ್ಲಿದೆಯೆಂದು ಅವಳು ಎಣಿಸಿರಲಿಲ್ಲ.

"ಸಾಕು."

"ಯಾರು ಎಸ್ಕಿಲ್?"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕಾಣದ ಕಣ್ಣುಗಳಲ್ಲಿ ನೀರು ತುಂಬಿತ್ತು.

"ನಾನೇ," ಎಂದ.

"ಏನು?"

"ನಾನೇ ತಳ್ಳಿದ್ದು. ಬರ್ಕೋ. ಆ ಡಾಕ್ಟರ ಕಾಗದ ಹರಿದು ಹಾಕು. ಜಗಳ ಆಡ್ದೆ, ಹೋದೆ, ತಳ್ಳಿದೆ. ಹಡಗು ಬರ್ತಿದೆಯಲ್ಲ, ನಾನು ಕೋಟು ಹಾಕ್ಕೊಂಡು ಬರ್ತೀನಿ."

"ಈಗಿನ್ನೂ ಗೇಟು ದಾಟಲ್ಲ ಅಂದ್ರಿ!"

"ಸುಳ್ಳು ಹೇಳಿದ್ದೆ. ಮುದುಕರು ಸುಳ್ಳು ಹೇಳಲ್ವಾ?"

"ಯಾರನ್ನ ಉಳಿಸ್ತಿದೀರಿ ನೀವು?"

"ಮಾರೆನ್," ಅವನ ದನಿ ಒಡೆಯಿತು. "ಅವನು ನನಗೆ ಎರಡು ವರ್ಷ ಕಣ್ಣು ಕೊಟ್ಟ. ನಾನು ಅವನಿಗೆ ವಾಪಸು ಏನೂ ಕೊಟ್ಟಿಲ್ಲ. ಇದೊಂದು ಕೊಡೋಕೆ ಬಿಡು. ನನಗೆ ಜೈಲೂ ಒಂದೇ, ಈ ಕುರ್ಚಿಯೂ ಒಂದೇ. ಎರಡು ಕಡೆಯೂ ಚಂದ್ರ ಇಲ್ಲ."

ಹೊರಗೆ ಕಾರೊಂದು ನಿಂತ ಸದ್ದಾಯಿತು. ಬಾಗಿಲು ತೆಗೆದು ಹಾಕಿದ ಸದ್ದು. ಪಕ್ಕದ ಮನೆಯವರು ಯಾರಿಗೋ "ಹುಷಾರು, ಮೆಟ್ಟಿಲು ಜಾರುತ್ತೆ" ಎಂದರು. ಕಾರು ಹೊರಟುಹೋಯಿತು.

ಮಾರೆನ್ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಐದು ನಿಮಿಷ. ಹಡಗು ಇನ್ನೂ ಬಂದಿರಲಾರದು.

"ಇವತ್ತು ಶುಕ್ರವಾರವಾ?" ಎಸ್ಕಿಲ್ ಪಿಸುಗುಟ್ಟಿದ.

"ಹೌದು. ಯಾಕೆ?"

ಅವನು ಹೊರಗಿನ ಸದ್ದಿಗೆ ಕಿವಿ ತಿರುಗಿಸಿದ. ಪ್ರತಿ ಶುಕ್ರವಾರ ಅವನ ಮನೆಗೆ ಒಂದು ಕಪ್ಪು ರೈ ರೊಟ್ಟಿ ಬರುತ್ತದೆ, ಹೆಂಡತಿ ಸತ್ತ ವರ್ಷದಿಂದ ಒಂದು ವಾರವೂ ತಪ್ಪಿಲ್ಲ ಎಂದು ಅವನೇ ಎಂದೋ ಹೇಳಿದ್ದು ಮಾರೆನಳಿಗೆ ನೆನಪಾಯಿತು. ಆ ರೊಟ್ಟಿ ಯಾರ ಒಲೆಯದು ಎಂಬುದೂ ಕೂಡಲೇ ನೆನಪಾಯಿತು.

ಎಸ್ಕಿಲನ ಮನೆಯ ಮುಂದೆ ಮರದ ಮೂರು ಮೆಟ್ಟಿಲುಗಳಿದ್ದವು.

ಧಪ್. ತಟ್.

ಗಟ್ಟಿ ಕಾಲು ಮೊದಲು ಏರುತ್ತಿತ್ತು. ಮುರಿದು ಕೂಡಿದ ಸೊಂಟದ ಕಾಲು ಅದೇ ಮೆಟ್ಟಿಲಿಗೆ ಬಂದು ಜೊತೆಗೂಡುತ್ತಿತ್ತು.

ಧಪ್. ತಟ್.

ಮಾರೆನ್ ಬಾಗಿಲಿನ ಕಡೆ ನೋಡಿದಳು. ಆಕೆ ಮೆಟ್ಟಿಲು ಹತ್ತಲಾರಳು ಎಂದು ಕಡತದಲ್ಲಿ ಬರೆದವಳು ತಾನೇ. ಕುರ್ಚಿಯಲ್ಲಿ ಕೂತಿದ್ದ ಆಕೆಯ ತಲೆ ಸವರಿ, ಸಕ್ಕರೆ ಹಾಕಿ ಚಹಾ ಮಾಡಿಕೊಟ್ಟು, ಒಂದು ಪ್ರಶ್ನೆಯನ್ನೂ ಎರಡನೇ ಸಲ ಕೇಳದೆ ಬಂದವಳೂ ತಾನೇ.

ಧಪ್. ತಟ್.

"ಬಾಗಿಲು ತೆಗೀಬೇಡ," ಎಂದ ಎಸ್ಕಿಲ್. ಅವನು ಇನ್ನೂ ಅವಳ ಮುಷ್ಟಿ ಹಿಡಿದೇ ಇದ್ದ. "ದಮ್ಮಯ್ಯ ಅಂತೀನಿ."

ಬಾಗಿಲಿನ ಮೇಲರ್ಧ ಮಂಜು ಗಾಜು. ಅದರಾಚೆ ಕುಳ್ಳನೆಯ ಹೆಂಗಸಿನ ನೆರಳು ಬಂದು ನಿಂತಿತು. ತಲೆಗೆ ಉಣ್ಣೆಯ ಟೋಪಿ, ತೋಳಲ್ಲಿ ಬುಟ್ಟಿ. ಒಳಗೆ ಮಾತು ನಡೆಯುತ್ತಿದೆ ಎಂದು ಕೇಳಿಸಿರಬೇಕು. ತೋರಾ ಕ್ರೂಸೆ ಬಾಗಿಲು ತಟ್ಟಲಿಲ್ಲ, ಕೆಮ್ಮಲಿಲ್ಲ, ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಲೂ ಇಲ್ಲ. ನಲವತ್ತೆಂಟು ವರ್ಷ ಗಂಡನ ಹಿಂದೆ ಕಾಫಿ ಹಿಡಿದು ನಿಂತು ಕಲಿತ ಹಾಗೆ, ಒಂದು ಹಲಗೆಯೂ ಕಿರುಗುಟ್ಟದಂತೆ ನಿಂತುಕೊಂಡಳು.

ಒಳಗಿನಿಂದ ಯಾರಾದರೂ ಕೈ ಎತ್ತಲಿ ಎಂದು ಕಾಯುತ್ತಿದ್ದಳು.

ದೂರದ ಕಡಲಿನಲ್ಲಿ ಹಡಗು ಕೂಗಿತು. ಮಾರೆನ್ ತನ್ನ ಕೈಯನ್ನು ಮುದುಕನ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡಳು. ಅದು ಮೇಜಿನ ಮೇಲೇ, ಎರಡು ಚಂದ್ರರ ನಡುವೆ, ಬಿದ್ದಿತ್ತು. ಎತ್ತಲು ಅವಳಿಂದಾಗಲಿಲ್ಲ.